ಹನ್ನೊಂದು ಸಲ ಬಿದ್ದ ಸೇತುವೆ

ಶೆಫೀಲ್ಡಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಮೂವರು ವಾಸವಾಗಿದ್ದಾರೆ: ಮಾವ, ಅತ್ತೆ, ಮತ್ತು ಸತ್ತು ನೂರು ವರ್ಷ ದಾಟಿದ ಒಬ್ಬ ಅಮೆರಿಕನ್ ಶಾಸಕ. ಮೂರನೆಯವರು ಊಟಕ್ಕೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ!

ಮಾವ ಧಾರವಾಡದವರು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುತ್ತಿದ್ದ ಡಾಕ್ಟರು. ನಿವೃತ್ತರಾದ ಮೇಲೆ ಅದನ್ನು ಮಾತಿನಿಂದಲೇ ಕೊಡುತ್ತಾರೆ. ಅಲ್ಲಿನ ಬ್ರೂಮ್‌ಹಿಲ್ ಬಡಾವಣೆಯ ಹಳೆಯ ಪುಸ್ತಕದಂಗಡಿಯಲ್ಲಿ ಈ ಶಾಸಕನ ಪತ್ರಗಳ ಸಂಪುಟ ಸಿಕ್ಕಿತು ನೋಡಿ, ಅಂದಿನಿಂದ ಅವನ ಜೀವನಚರಿತ್ರೆ ಬರೆಯುತ್ತಿದ್ದಾರೆ. ಅದೂ ಕನ್ನಡದಲ್ಲಿ!

ಆತ ಮಾಡಿದ ಘನಕಾರ್ಯವೇನು? ತನ್ನೂರ ಹೊಳೆಗೆ ಸೇತುವೆ ಬೇಕೆಂದು ಶಾಸನಸಭೆಯಲ್ಲಿ ಹನ್ನೊಂದು ಸಲ ಮಸೂದೆ ಮಂಡಿಸಿದ. ಹನ್ನೊಂದು ಸಲವೂ ಅದು ಬಿದ್ದುಹೋಯಿತು. ಆಮೇಲೆ ಚುನಾವಣೆಯಲ್ಲಿ ತಾನೇ ಬಿದ್ದ. ಗೆದ್ದವನು ಮರುವರ್ಷ ಸೇತುವೆ ಕಟ್ಟಿಸಿದ. ನಮ್ಮ ಶಾಸಕ ಉದ್ಘಾಟನೆಗೆ ಹೋಗಿ, ಗುಂಪಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ ಬಂದ.

ಒಮ್ಮೆ ಊರಿನ ಕೌನ್ಸಿಲ್ ಚುನಾವಣೆಗೆ ನಿಂತ ಯುವತಿಯೊಬ್ಬಳು ಮಾವನ ಮನೆಗೆ ಮತ ಕೇಳಲು ಬಂದಳು. "ಇದುವರೆಗೆ ಎಷ್ಟು ಸಲ ಸೋತಿದ್ದೀರಿ?" ಎಂದು ಮಾವ ಇಂಗ್ಲಿಷಿನಲ್ಲಿ ವಿಚಾರಿಸಿದರು.

"ಇದೇ ಮೊದಲ ಸಲ ನಿಲ್ಲುತ್ತಿದ್ದೇನೆ."

"ಅನುಭವ ಸಾಲದು," ಎಂದು ವಿನಯದಿಂದಲೇ ಬಾಗಿಲು ಹಾಕಿದರು.

ಅತ್ತೆಯದು ಬೇರೆಯೇ ದೂರು. "ನಮ್ಮ ಲಗ್ನದ ತಾರೀಖು ಕೇಳಿ ನೋಡು, ಗೊತ್ತಿಲ್ಲ. ಅವನ ಲಗ್ನದ್ದು ಕೇಳು, ಹವಾಮಾನ ಸಮೇತ ಹೇಳ್ತಾರ!"

"ಅವತ್ತ ಮಳಿ ಇತ್ತು," ಅಂದರು ಮಾವ.

ಮೊನ್ನೆ ಶೆಫೀಲ್ಡಿನ ಕನ್ನಡದವರು ಸೇರಿದ್ದಾಗ ಮಾವನಿಗೆ ಒಂದು ಅಧ್ಯಾಯ ಓದುವ ಅವಕಾಶ ಸಿಕ್ಕಿತು. ಸಮೋಸ ಇನ್ನೂ ಬಂದಿರಲಿಲ್ಲವಾದ್ದರಿಂದ ಸಭಿಕರು ಎದ್ದು ಹೋಗಲಿಲ್ಲ. ಶಾಸಕನ ಎರಡು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡ ಪುಟ ಬಂತು. ಮಾವ ಅರ್ಧ ವಾಕ್ಯ ಓದಿ ನಿಂತುಬಿಟ್ಟರು. ಮೈಕು ಕೆಟ್ಟಿತೆಂದು ಯಾರೋ ವೈರು ಅಲ್ಲಾಡಿಸಿದರು.

ಇಂಗ್ಲೆಂಡಿಗೆ ಬರುವ ಮೊದಲು ಮಾವ-ಅತ್ತೆಗೂ ಒಂದು ಹೆಣ್ಣು ಮಗುವಿತ್ತೆಂದು ಅಮ್ಮ ನನಗೆ ಹೇಳಿದ್ದಳು. ಆ ಮನೆಯಲ್ಲಿ ಆ ಮಾತು ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ.

ಅತ್ತೆ ಎದ್ದು ಹೋಗಿ ಹಾಳೆ ತೆಗೆದುಕೊಂಡರು. "ನೀವ್ ಕೂಡ್ರಿ. ನಾ ಓದ್ತೀನಿ."

ಮಾವನ ಕೈಬರಹ ಔಷಧದಂಗಡಿಯವರೂ ಕೈಮುಗಿಯುವಂಥದ್ದು. ಅತ್ತೆ ಒಂದು ಅಕ್ಷರಕ್ಕೂ ತಡವರಿಸದೆ ಕೊನೆಯ ಸಾಲಿನವರೆಗೆ ಓದಿದರು.