ಮೂರು ದೆವ್ವ, ಒಂದು ಸೌಟು

"ದೆವ್ವ ಬರ್ಲಿ, ದೆವ್ವದ ಅಜ್ಜಿ ಬರ್ಲಿ, ಈ ಜಡೆಮ್ಮ ಕಣ್ಣು ಮಿಟುಕಸಂಗಿಲ್ಲ! ದೊಡ್ಡಬಸವಣ್ಣನ ಆಣಿ!"

ಸತ್ಯನಾರಾಯಣಪೇಟಿ ಓಣಿಗೆಲ್ಲ ಕೇಳಂಗ ಹಿಂಗಂದಾಕಿ ನಮ್ಮ ಜಡೆಮ್ಮ. ಕೈರುಚಿ ಭಾಳ ಚಲೋ ಇತ್ರಿ ಆಕೀದು, ಆಕಿ ಮಾಡಿದ ಒಗ್ಗರಣಿ ಮಂಡಕ್ಕಿ ತಿಂದ್ರ... ಇರ್ಲಿ, ಅದು ಆಮ್ಯಾಲೆ. ಆಣಿ ಯಾಕಂದ್ರ, ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ಅದು ಆಕಿ ಮನ್ಯಾಗ. ಅದರ ಮ್ಯಾಲೆ ನಾದಿನಿ ಪಕ್ಕೀರಮ್ಮನ ಕಣ್ಣು! ಕುರುಗೋಡಿಂದ ಬಂದು ಅಣ್ಣನ ಕಿವಿ ಊದಿದ್ಲು: "ಟಿವ್ಯಾಗ ಹಾವು ಬಂದ್ರ ಅತ್ತಿಗಿ ಮಂಚ ಹತ್ತತಾಳ. ಇಂಥ ಅಂಜಬುರುಕಿಗೆ ಟಿವಿ ಯಾಕಣ್ಣ? ನನಗ ಕೊಡು."

ಗಂಡ ಕೊಟ್ಟೂರಪ್ಪ ತೀರ್ಪು ಕೊಟ್ಟ: "ಐತ್ವಾರ ಸಂಜಿಗೆ ಟಿವಿಗಂತನೇ ಮಾಡಿದ್ದೊಂದು ದೆವ್ವದ ಸಿನಿಮಾ ಐತಿ. ಅಂಜದಂಗ ಪೂರಾ ನೋಡಿದಿ, ಟಿವಿ ನಿಂದು. ಅಂಜಿದಿ, ಕುರುಗೋಡಿಗೆ!"

ಐತ್ವಾರ ಪಕ್ಕೀರಮ್ಮ ಟಿವಿ ಸುತ್ತಾಕ ಕೌದಿ ಸೈತ ತಂದಿದ್ಲು!

ಓಣಿ ಹೆಂಗಸರೆಲ್ಲ ಬಂದು ಕುಂತ್ರು. ಸಿನಿಮಾ ಸುರುವಾತು. ಬಾವ್ಯಾಗಿಂದ ಒಂದು ದೆವ್ವ ಎದ್ದು, ತನ್ನ ಹಲ್ಲಿನ ಸೆಟ್ಟು ನೀರಾಗ ಬಿತ್ತಂತ ಅಳಾಕ ಹತ್ತಿತು. ಜಡೆಮ್ಮ ಹೊಟ್ಟಿ ಹಿಡ್ಕೊಂಡು ನಕ್ಕಳು. ಕಥಿ ಮುಗೀತು. ಎದ್ದು ನಿಂತೇಬಿಟ್ಲು.

"ಗೆದ್ದೆ! ಕೌದಿ ಮಡಿಚವ್ವಾ, ಪಕ್ಕೀರಮ್ಮ!" ಅಂತ ಸೌಟು ಹಿಡಿದು ಒಗ್ಗರಣಿ ಹಾಕಾಕ ನಿಂತ್ಲು.

"ಕುಂದ್ರು ಅತ್ತಿಗಿ. ಒಂದೇ ಸಿನಿಮಾದಾಗ ಮೂರು ಕಥಿ ಅದಾವ. ಇನ್ನೂ ಎರಡು ದೆವ್ವ ಬಾಕಿ!"

"ಅಯ್ಯ ಶಿವನ! ಇದೇನು ಸಿನಿಮಾನೋ, ದೆವ್ವದ ಸಂತಿನೋ?" ಸೌಟು ಹಿಡ್ಕೊಂಡೇ ಕುಸಿದು ಕುಂತ್ಲು. ಇದ್ದ ಧೈರ್ಯ ಎಲ್ಲಾ ಒಂದೇ ದೆವ್ವಕ್ಕ ಖರ್ಚಾಗಿತ್ತು ನೋಡ್ರಿ!

ಎರಡನೇದು ತಲಿ ಇಲ್ಲದ ಮದುಮಗ. ಬಾಸಿಂಗ ಎಲ್ಲಿ ಕಟ್ಟಬೇಕಂತ ಬೀಗರು ಜಗಳಕ್ಕ ಬಿದ್ರು. ಜಡೆಮ್ಮ ಸೌಟು ಎದಿಗೆ ಅವುಚ್ಕೊಂಡ್ಲು, ಕಣ್ಣು ಮಾತ್ರ ಮುಚ್ಚಲಿಲ್ಲ.

ಮೂರನೇದು ಸುರುವಾಗೋದಕ್ಕೂ ಗಾಳಿ ಬೀಸೋದಕ್ಕೂ ಸರಿಹೋತು. ಚಿತ್ರ ಕುಣಿಯಾಕ ಹತ್ತಿತು. ಕೊಟ್ಟೂರಪ್ಪ ಆಂಟೆನಾ ತಿರುವಾಕ ಮಾಳಿಗಿ ಹತ್ತಿದ. ಮಳಿಗಾಲಕ್ಕ ಸೋರಬಾರದಂತ ಮಾಳಿಗಿ ಮ್ಯಾಲೆ ಹೊಸದಾಗಿ ಬಿಳೇ ಸವಳುಮಣ್ಣು ಹರವಿದ್ರು. ಗಾಳಿಗೆ ಅದೆಲ್ಲ ಆತನ ಮಾರಿಗೇ!

ಇತ್ತ ಟಿವ್ಯಾಗ ಮುದುಕಿ ದೆವ್ವ ಮೆಲ್ಲಕ ಮಾರಿ ತಿರುವಾಕ ಹತ್ತೈತಿ. ಒಮ್ಮಿಗೇ ಮ್ಯಾಲಿನ ಬೆಳಕು ಮುಚ್ಚಿ ಮನಿ ಕತ್ತಲಾತು. ಮಾಳಿಗಿ ಬೆಳಕಿಂಡ್ಯಾಗ ಒಂದು ಬೆಳ್ಳನ ತಲಿ, ತಲಿಕೆಳಗ!

"ಬಂತೇನಽಽ?"

"ಬಂತೋ ಯಪ್ಪೋ!" ಅಂತ ಪಕ್ಕೀರಮ್ಮ ಕೌದಿ ಹೊಚ್ಕೊಂಡು ಹೊರಗೋಡಿದ್ಲು. ಹಿಂದ ಓಣಿ ಎಲ್ಲ ಓಡಿತು. ಜಡೆಮ್ಮ? ಚೀರಲಿಲ್ಲ. ಓಡಲಿಲ್ಲ. ಸೌಟು ಬೀಸಿ ಒಗೆದ್ಲು ನೋಡ್ರಿ... ಠಣ್!

"ಚಿತ್ರ ಬಂತೇನಂತ ಕೇಳಿದ್ನಲ್ಲೇ!" ಅಂತ ಕೊಟ್ಟೂರಪ್ಪ ಕೆಳಗಿಳಿದ. ಹಣಿ ಮ್ಯಾಲೆ ನಿಂಬಿಕಾಯಿ ಗಾತ್ರದ ಗುಬಟಿ.

"ನಾ ಅಂಜಲಿಲ್ಲ! ಟಿವಿ ನಂದು!" ಅಂದ್ಲು ಜಡೆಮ್ಮ.

"ಅದಿರ್ಲಿ. ದೆವ್ವಂತ ಹೊಡೆದ್ಯೋ, ನಾನಂತ ಹೊಡೆದ್ಯೋ?"

ಬಾಗಲದಾಗ ಓಣಿಗೋಣಿನೇ ನಿಂತೈತಿ. ದೆವ್ವ ಅಂದ್ರ ಅಂಜಿದಂಗಾತು, ಟಿವಿ ಹೋತು! ಗಂಡ ಅಂದ್ರ... ಜಡೆಮ್ಮ ಗುಬಟಿ ನೋಡಿದ್ಲು. ಟಿವಿ ನೋಡಿದ್ಲು. ನಾದಿನಿ ಕೌದಿ ನೋಡಿದ್ಲು. ಹಲ್ಲು ಕಚ್ಚಿ ಅಂದ್ಲು:

"ನೀವಂತ ಗೊತ್ತಿದ್ದೇ ಹೊಡೆದೇರಿ!"

ಟಿವಿ ಉಳೀತು. ಆದ್ರ ಕೊಟ್ಟೂರಪ್ಪ ಮತ್ತ ಮಾಳಿಗಿ ಹತ್ತಲಿಲ್ಲ. ಈಗ ಐತ್ವಾರ ಐತ್ವಾರ ಆಂಟೆನಾ ಹಿಡ್ಕೊಂಡು ಮ್ಯಾಲೆ ನಿಂದ್ರಾಕಿ ಜಡೆಮ್ಮ.

"ಬಂತೇನ?" ಅಂತಾಳ.

"ಚಲೋ ಬಂತು ಅತ್ತಿಗಿ!" ಅಂತಾಳ ಕೆಳಗ ಕೌದಿ ಹಾಸ್ಕೊಂಡು ಕುಂತ ಪಕ್ಕೀರಮ್ಮ. "ಕೈ ಬಿಡಬ್ಯಾಡ, ಹಂಗೇ ನಿಂದ್ರು!"