ಸಲಹೆ ಕೊಡುವವನ ಮಗಳು

ಬೇರೆಯವರ ಮಕ್ಕಳ ವಿಷಯದಲ್ಲಿ ನಾನು ಬಹಳ ವಿಶಾಲ ಹೃದಯದವನು. ಸುಗಟೂರಿನ ಕಡೆಯ ಹೈಸ್ಕೂಲೊಂದರಲ್ಲಿ ಮೇಷ್ಟ್ರಾದ್ದರಿಂದ ಈ ಗುಣವನ್ನು ಪ್ರದರ್ಶಿಸಲು ಅವಕಾಶವೂ ಹೆಚ್ಚು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪೋಷಕರನ್ನು ಕೂರಿಸಿಕೊಂಡು, ಪಿಯುಸಿಯೊಂದೇ ದಾರಿಯಲ್ಲ, ಐಟಿಐ ಇದೆ, ಡಿಪ್ಲೊಮಾ ಇದೆ, ಕಸುಬು ಕಲಿಯುವುದರಲ್ಲಿ ಕೀಳೆಂಬುದಿಲ್ಲ ಎಂದು ಪ್ರತಿ ವರ್ಷ ಹೇಳುತ್ತೇನೆ. ಹೇಳುವಾಗ ನನ್ನ ಧ್ವನಿ ನನಗೇ ಹಿತವೆನಿಸುತ್ತದೆ. ಇದೇ ಬಾಯಿ ತರಗತಿಯಲ್ಲಿ, ಲೆಕ್ಕ ಬಾರದ ಹುಡುಗನಿಗೆ "ನಿನಗೆ ಐಟಿಐಯೇ ಗತಿ ಕಣೋ" ಎನ್ನುತ್ತದೆಂಬುದನ್ನು ಸಭೆಯಲ್ಲಿ ಹೇಳುವ ಪದ್ಧತಿಯಿಲ್ಲ.

ನನ್ನ ಮಗಳು ಚೈತ್ರ ಒಳ್ಳೆಯ ಅಂಕ ತೆಗೆದು, ಹೋದ ವರ್ಷ ಕೋಲಾರದಲ್ಲಿ ಐಟಿಐ ಸೇರಿದಳು. ಫಿಟರ್. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಮಟ್ಟಸ ಮಾಡುವುದು ಅವಳಿಗೆ ಇಷ್ಟವಂತೆ. ಬೇಡವೆನ್ನಲು ನನ್ನ ಭಾಷಣಗಳೇ ಅಡ್ಡ ಬಂದವು. ಸುದ್ದಿ ಕೇಳಿದ ನನ್ನ ಷಡ್ಡಕ ಶ್ರೀನಿವಾಸಪುರದಿಂದ ಮಾವಿನಹಣ್ಣು ಹೊತ್ತು ಬಂದು, ಸಾವಿನ ಮನೆಯಲ್ಲಿ ಕೂತಂತೆ ಸ್ವಲ್ಪ ಹೊತ್ತು ಕೂತು, ಧೈರ್ಯವಾಗಿರಿ ಎಂದು ಹೇಳಿ ಹೋದ. ಅಂದಿನಿಂದ ಯಾರು ಕೇಳಿದರೂ ಮಗಳು "ಇಂಜಿನಿಯರಿಂಗ್ ಲೈನು" ಎನ್ನತೊಡಗಿದೆ. ಪೂರ್ತಿ ಸುಳ್ಳೇನಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡೆ.

ಈ ವರ್ಷದ ಸಭೆಯಲ್ಲಿ ಮುನಿರತ್ನಮ್ಮ ಎದ್ದು ನಿಂತರು. ರೇಷ್ಮೆ ಸಾಕುವ ಹೆಂಗಸು. ಅವರ ಮಗಳು ಭವ್ಯಾಗೆ ಎಲೆಕ್ಟ್ರಿಷಿಯನ್ ಆಗುವ ಆಸೆ.

"ನಿಮ್ ಮಗ್ಳು ಏನು ಓದ್ತಾವ್ಳೆ ಸಾ?" ಎಂದು ಎಲ್ಲರೆದುರು ಕೇಳಿದರು.

ಇಂಜಿನಿಯರಿಂಗ್ ಲೈನು ಎಂದೆ. ಅವರು ತಲೆಯಾಡಿಸಿ ಕೂತರು. ಐಟಿಐ ಅರ್ಜಿಗೆ ಕಡೆಯ ದಿನ ಇನ್ನೇನು ನಾಳೆ ಎನ್ನುವಾಗ ಭವ್ಯಾ ಶಾಲೆಗೆ ಬಂದು ಅತ್ತಳು. ಮೇಷ್ಟ್ರ ಮಗಳು ಇಂಜಿನಿಯರಿಂಗು ಓದುವಾಗ ನೀನ್ಯಾಕೆ ವೈರು ಎಳೆಯೋಕೆ ಹೋಗಬೇಕು ಎಂದು ತಾಯಿ ಪಟ್ಟು ಹಿಡಿದಿದ್ದರಂತೆ.

ಸಂಜೆ ಅವರ ಮನೆಗೆ ಹೋದೆ. ಮುನಿರತ್ನಮ್ಮ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ನನ್ನ ಮಗಳು ಓದುವುದೂ ಐಟಿಐಯೇ ಎಂದು ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದೆ. ಅವರು ನಂಬಲಿಲ್ಲ.

"ಬಿಡಿ ಸಾ, ನಮ್ ಹುಡ್ಗೀ ಸಮಾಧಾನಕ್ಕೆ ಹೇಳ್ತೀರಾ. ನಿಮ್ಮಂತೋರ ಮಕ್ಳು ಅಲ್ಲಿಗ್ಯಾಕೆ ಓಗ್ತಾರೆ?"

ಸುಳ್ಳನ್ನು ಒಂದೇ ಸಲಕ್ಕೆ ನಂಬಿದ್ದವರಿಗೆ ನಿಜವನ್ನು ನಂಬಿಸಲು ಸಾಕ್ಷಿಯೇ ಬೇಕಾಯಿತು. ಚೈತ್ರಾಗೆ ಫೋನು ಮಾಡಿ, ಯೂನಿಫಾರ್ಮಿನಲ್ಲೇ ಬಾ ಎಂದೆ. ಯೂನಿಫಾರ್ಮಿನಲ್ಲೇನಾ ಎಂದು ಅವಳು ಎರಡು ಸಲ ಕೇಳಿದಳು. ದಿನವೂ ಅದನ್ನು ಬ್ಯಾಗಿಗೆ ತುರುಕಿ, ಚೂಡಿದಾರ ತೊಟ್ಟು ಮನೆಗೆ ಬರುವಂತೆ ಅವಳಿಗೆ ಹೇಳಿದವನು ನಾನೇ.

ಅವಳು ಬಂದಾಗ ನೀಲಿ ಅಂಗಿಯ ತೋಳಿನಲ್ಲಿ ಎಣ್ಣೆಯ ಕಲೆಯಿತ್ತು. ಮುನಿರತ್ನಮ್ಮ ಅವಳ ಅಂಗೈ ಹಿಡಿದು ಬೆರಳುಗಳ ಬುಡದ ಜಡ್ಡನ್ನು ಒತ್ತಿ ನೋಡಿದರು. ಒಳಗಿದ್ದ ಮಗಳನ್ನು ತೆಲುಗಿನಲ್ಲಿ "ಇಟು ರಾವೇ" ಎಂದು ಕರೆದು, ನಾಳೆ ಈ ಅಕ್ಕನ ಜೊತೆ ಹೋಗಿ ಅರ್ಜಿ ಹಾಕು ಎಂದರು. ನನ್ನ ಕಡೆ ತಿರುಗಿ, "ಅವತ್ತೇ ಹೇಳ್ಬಾರ್ದಾಗಿತ್ತಾ ಸಾ?" ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ವಾಪಸು ಬಸ್ಸಿನಲ್ಲಿ, ತರಬೇತಿಯೊಂದರಲ್ಲಿ ಪರಿಚಯವಾಗಿದ್ದ ಹೋಳೂರಿನ ಹೆಡ್‌ಮಾಸ್ಟರು ಸಿಕ್ಕಿ ನಮ್ಮ ಮುಂದಿನ ಸೀಟಿನಲ್ಲಿ ಕೂತರು. ಯೂನಿಫಾರ್ಮನ್ನು ಮೇಲಿಂದ ಕೆಳಗೆ ನೋಡಿ, ಯಾರು ಈ ಹುಡುಗಿ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಚೈತ್ರ, "ಇವರು ನಮ್ಮ ಏರಿಯಾದ ಮೇಷ್ಟ್ರು ಸಾರ್" ಎಂದು ನಕ್ಕು, ಕಿಟಕಿಯ ಕಡೆ ತಿರುಗಿದಳು. ಅವಳ ಸ್ವರದಲ್ಲಿ ಕೋಪವಿರಲಿಲ್ಲ. ಮಾತು ಬಹಳ ಸರಾಗವಾಗಿ ಬಂತು; ಇದಕ್ಕೂ ಮೊದಲು ಎಷ್ಟು ಕಡೆ ಹೀಗೆ ಹೇಳಿದ್ದಳೋ.

ಆ ಕ್ಷಣ ನನಗೆ ಮೊದಲು ಆದದ್ದು ನೆಮ್ಮದಿ. ನೆಮ್ಮದಿಯಾದದ್ದು ಅರಿವಾದ ಮೇಲೆ ಕಿವಿ ಬಿಸಿಯಾಯಿತು. ಹೆಡ್‌ಮಾಸ್ಟರು, ಪಾಪ, ಮಾರ್ಕ್ಸು ಕಡಿಮೆ ಬಂದಿರಬೇಕು, ಇಂಥವರಿಗೆ ಐಟಿಐ ಒಳ್ಳೆಯದು ಎಂದರು. ಧ್ವನಿ ಥೇಟ್ ನನ್ನದೇ. "ನನ್ನ ಮಗಳು ಸಾರ್" ಎಂದೆ. ಇಂಜಿನ್ನಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಸೀಟಿನಿಂದ ಅರ್ಧ ಎದ್ದು, "ನನ್ನ ಮಗಳು ಸಾರ್ ಇವಳು, ಐಟಿಐ, ಫಿಟರ್" ಎಂದು ಕೂಗಿದೆ. ಡ್ರೈವರನೂ ಸೇರಿ ಇಡೀ ಬಸ್ಸು ತಿರುಗಿ ನೋಡಿತು.

ಚೈತ್ರ ನನ್ನ ಅಂಗಿ ಹಿಡಿದು ಕೂರಿಸಿದಳು.

"ಮೆಲ್ಲಗೆ ಹೇಳಪ್ಪಾ, ಮಾನ ಹೋಗುತ್ತೆ."