ಬಾತು ಜಾನನಿಗೊಂದು ಕಾಗದ

ಲಕೋಟೆಯ ಮೇಲೆ ‘ಬಾತು’ ಎಂದು ಬರೆಯಬೇಕಿತ್ತೇನೋ ಎಂಬ ಅಳುಕು ಮೊರಾಗ್‌ಳನ್ನು ಹಿಡಿದದ್ದು, ಕಾಗದ ಅಂಚೆಡಬ್ಬಿಯ ತಳ ಸೇರಿದ ಮೇಲೆ.

ಸ್ಕೈ ದ್ವೀಪದ ಆ ಊರಿನಲ್ಲಿ ಜಾನ್ ಮ್ಯಾಕ್ಲೌಡ್‌ಗಳು ಏಳು ಮಂದಿ. ಹಾಗಾಗಿ ಹೆಸರು ಚರ್ಚಿನ ಪುಸ್ತಕಕ್ಕೆ, ಅಡ್ಡಹೆಸರು ಬದುಕಿಗೆ. ಅವಳ ಮನಸ್ಸಿನಲ್ಲಿದ್ದವನು ನಡಿಗೆಯ ದೆಸೆಯಿಂದ ಬಾತು ಜಾನ್. ಪ್ರೇಮಪತ್ರದ ಮೇಲೆ ‘ಬಾತು’ ಎಂದು ಯಾರಾದರೂ ಬರೆಯುತ್ತಾರೆಯೇ? ನಾಚಿಕೊಂಡು ಬರೀ ಜಾನ್ ಮ್ಯಾಕ್ಲೌಡ್ ಎಂದು ಬರೆದಳು. ಕೊನೆಯಲ್ಲಿ ತನ್ನದೂ ಅಷ್ಟೇ ಮರ್ಯಾದೆಯ ರುಜು: ಮೊರಾಗ್ ನಿಕಲ್ಸನ್. ಆ ಹೆಸರಿನವರು ನಾಲ್ವರು. ಇವಳು ಮೂಗಿ ಮೊರಾಗ್, ಬಾಯಿದ್ದೂ ಬಿಡದವಳು.

ಮರುದಿನ ಅಂಚೆಯ ಆಂಗಸ್‌ನ ವ್ಯಾನಿನ ಹಿಂದೆ ಓಡಿದಳು.

“ಯಾವ ಜಾನ್ ಅಂತ ನಂಗೇನು ಕನಸು ಬೀಳುತ್ತಾ ಮಗಳೇ? ಬೆಳಿಗ್ಗೆ ಮೊದಲು ಸಿಕ್ಕಿದ ಜಾನನ ಕೈಗಿಟ್ಟೆ. ಅವನು ಓದಿ ‘ನಂದಲ್ಲ’ ಅಂತ ದೋಣಿ ಜಾನನ ಮನೆಗೆ ದಾಟಿಸಿದ.”

ದೋಣಿ ಜಾನನ ಹೆಂಡತಿ ಶೀನಾ ಚಹಾ, ಸ್ಕೋನ್ ಮುಂದಿಟ್ಟಳು. “ಯಾರೋ ಮೊರಾಗ್ ಬರೆದಿದಾಳೆ ಕಣೇ, ‘ನೀವು ನಡೆದು ಬರೋದೇ ಚಂದ’ ಅಂತ! ನಮ್ಮನೆಯವರು ದೋಣಿ ಇಳಿದ್ರೆ ತಾನೇ ನಡೆಯೋದು? ಮುಂದಿನ ಜಾನನಿಗೆ ಕಳಿಸ್ದೆ. ಎರಡು ತಪ್ಪಿತ್ತು, ತಿದ್ದಿದೀನಿ.”

ಬಂದ ಕಾರಣ ಹೇಳಲಾಗದೆ ಮೊರಾಗ್ ಮನೆಮನೆಯಲ್ಲೂ ಸ್ಕೋನ್ ತಿಂದಳು. ಎಲ್ಲೆಡೆಯೂ ಕಾಗದ ಆಗಷ್ಟೇ ಮುಂದಕ್ಕೆ ಹೋಗಿರುತ್ತಿತ್ತು. ಐದನೆಯ ಮನೆ ದಾಟುವಷ್ಟರಲ್ಲಿ ಅವಳ ಮುಖ ಬೇಯಿಸಿದ ಏಡಿಯಂತಾಗಿತ್ತು.

ಅಂಗಡಿಯಲ್ಲಿ ಅರ್ಧ ಊರೇ ನೆರೆದಿತ್ತು. “ಯಾವ ಮೊರಾಗ್ ಇರಬಹುದು?” ಎಂದರು ಯಾರೋ.

“ಮೂಗಿಯಂತೂ ಅಲ್ಲ ಬಿಡಿ,” ಅಂಗಡಿಯ ಎಫಿ ಇವಳ ಬೆನ್ನು ತಟ್ಟಿದಳು. “ಪಾಪ, ಅಷ್ಟು ಮಾತು ಇವಳಿಗೆಲ್ಲಿಂದ ಬರ್ಬೇಕು!”

ಎಲ್ಲರೂ ನಕ್ಕರು. ಮಾನ ಉಳಿಯಿತೆಂದು ಮೊರಾಗ್ ಉಸಿರುಬಿಟ್ಟಳು. ಉಳಿದ ಮಾನ ಯಾಕೋ ಹಿತವೆನಿಸಲಿಲ್ಲ.

ಅಷ್ಟರಲ್ಲಿ ಬಾತು ಜಾನ್ ಭಾನುವಾರದ ಕೋಟು ತೊಟ್ಟು, ಮೊಟ್ಟೆಯ ಬುಟ್ಟಿ ಹಿಡಿದು, ಅತ್ತಿತ್ತ ಓಲಾಡುತ್ತ ಬಂದ.

“ಕಾಗದ ಮೊದಲು ಬಂದಿದ್ದೇ ನಂಗೆ. ನಂಗೆ ಯಾರು ಬರೀತಾರೆ ಅಂತ ದಾಟಿಸಿಬಿಟ್ಟೆ. ಆರೂ ಜನ ‘ಈ ನಡಿಗೆ ನಿಂದೇ ಕಣೋ’ ಅಂತ ವಾಪಸ್ ತಂದ್ರು. ಹೋಗಿ ಕೋಳಿ ಮೊರಾಗ್‌ಳನ್ನ ‘ನೀನೇನಾ ಬರೆದಿದ್ದು’ ಅಂತ ಕೇಳ್ದೆ.”

“ಏನಂದ್ಲು?” ಎಂದಳು ಎಫಿ.

“‘ಕೊಡು ನೋಡೋಣ’ ಅಂದ್ಲು. ಪೂರ್ತಿ ಓದಿ, ‘ಚೆನ್ನಾಗೇ ಬರೆದಿದೀನಿ, ಅಲ್ವಾ?’ ಅಂದ್ಲು. ಮುಂದಿನ ತಿಂಗಳು ಮದುವೆ, ಎಲ್ಲರೂ ಬರ್ಬೇಕು!”

ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೂ ಮೊರಾಗ್ ಕಾದಳು.

“ಅದನ್ನ ಬರೆದಿದ್ದು ನಾನು.”